ನಾಲಗೆ ಕಳೆದುಕೊಂಡ ಸೃಷ್ಟಿ: ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯೂ ಅದರ ರಂಗ–ಚಿತ್ರ ರೂಪಗಳೂ

ಪಾಶ್ಚಾತ್ಯ ಕಥಾಸಾಹಿತ್ಯದಲ್ಲಿ, ಓದಿದವರಿಗಿಂತ ಓದದವರಿಗೇ ಹೆಚ್ಚು ಪರಿಚಿತವಾದ ಗ್ರಂಥಗಳು ಕೆಲವುಂಟು. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಅವುಗಳಲ್ಲೊಂದು. ಚಪ್ಪಟೆ ನೆತ್ತಿ, ಹಣೆಯ ಮೇಲೆ ಹೊಲಿಗೆಯ ಗುರುತು, ಕುತ್ತಿಗೆಯ ಎರಡು ಪಕ್ಕಗಳಲ್ಲೂ ಲೋಹದ ಕೀಲು, ಭಾರವಾದ ಬೂಟು, ಬಾಯಲ್ಲಿ ಗುರುಗುಟ್ಟುವಿಕೆಯಲ್ಲದೆ ಬೇರೆ ಶಬ್ದವಿಲ್ಲ. ಇಂಥ ಆಕೃತಿಯ ಚಿತ್ರವನ್ನು ತೋರಿಸಿದರೆ ಶಾಲೆಯ ಹುಡುಗನೂ ‘ಫ್ರಾಂಕೆನ್‌ಸ್ಟೈನ್’ ಎಂದುಬಿಡುತ್ತಾನೆ. ಈ ಒಂದೇ ಉತ್ತರದಲ್ಲಿ ಎರಡು ತಪ್ಪುಗಳಿವೆ. ಆ ಹೆಸರು ಆಕೃತಿಯದಲ್ಲ, ಅದನ್ನು ನಿರ್ಮಿಸಿದ ವಿದ್ಯಾರ್ಥಿಯದು. ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಗ್ರಂಥದಲ್ಲಿ ಆ ಜೀವಿ ಮೂಕನಲ್ಲ. ಇಡೀ ಕಾದಂಬರಿಯಲ್ಲಿ ಅವನಷ್ಟು ಚೆನ್ನಾಗಿ ಮಾತಾಡುವವರು ಬೇರೊಬ್ಬರಿಲ್ಲ.

ಮೊದಲನೆಯ ತಪ್ಪನ್ನು ಅನೇಕರು ಎತ್ತಿ ತೋರಿಸಿದ್ದಾರೆ. ಎರಡನೆಯದರ ಕಡೆಗೆ ನಮ್ಮ ಗಮನ ಸಾಕಷ್ಟು ಹೋಗಿಲ್ಲ. ಮಾತು ಬಲ್ಲ ಜೀವಿ ರಂಗಭೂಮಿಗೂ ಚಲಚ್ಚಿತ್ರಕ್ಕೂ ಬರುವಷ್ಟರಲ್ಲಿ ಮೂಕನಾದದ್ದು ಹೇಗೆ? ಅವನ ನಾಲಗೆಯನ್ನು ಕಿತ್ತುಕೊಂಡ ಮೇಲೆ ಕಥೆಯ ಅರ್ಥದಲ್ಲಿ ಆದ ಪಲ್ಲಟವೇನು? ಇವೇ ಪ್ರಕೃತ ಲೇಖನದ ಪ್ರಶ್ನೆಗಳು. ಭಾಷೆಯನ್ನು ಕಲಿಸುವುದನ್ನೇ ವೃತ್ತಿಯಾಗಿ ಉಳ್ಳ ನಮಗೆ ಇವು ಕೇವಲ ಸಾಹಿತ್ಯ ವಿಮರ್ಶೆಯ ಪ್ರಶ್ನೆಗಳಲ್ಲ.

ಆರಂಭದಲ್ಲೇ ವ್ಯಾಕರಣದ ಒಂದು ತೊಡಕನ್ನು ಹೇಳಿಬಿಡಬೇಕು. ಈ ಕಥೆಯನ್ನು ಕನ್ನಡದಲ್ಲಿ ಹೇಳಹೊರಟವರು ಮೊದಲ ವಾಕ್ಯದಲ್ಲೇ ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ. ಆ ಜೀವಿಯನ್ನು ‘ಅವನು’ ಎನ್ನಬೇಕೆ, ‘ಅದು’ ಎನ್ನಬೇಕೆ? ಪುಲ್ಲಿಂಗವನ್ನು ಕೊಟ್ಟರೆ ಮನುಷ್ಯರ ಪಂಕ್ತಿಯಲ್ಲಿ ಕೂರಿಸಿದಂತೆ. ನಪುಂಸಕಲಿಂಗವನ್ನು ಕೊಟ್ಟರೆ ಹೊರಗೆ ನಿಲ್ಲಿಸಿದಂತೆ. ಮಾತಾಡುವವನು, ವಾದಿಸುವವನು, ಪಶ್ಚಾತ್ತಾಪ ಪಡುವವನು ‘ಅವನು’ ಎಂಬುದು ನಮ್ಮ ಅಭಿಪ್ರಾಯ. ಆದ್ದರಿಂದ ಈ ಲೇಖನದಲ್ಲಿ ಅವನನ್ನು ‘ಜೀವಿ’ ಎಂದೂ ‘ಅವನು’ ಎಂದೂ ಕರೆದಿದ್ದೇವೆ. ಗ್ರಂಥಕರ್ತ್ರಿ ಅವನಿಗೆ ಹೆಸರನ್ನೇ ಇಟ್ಟಿಲ್ಲ.

ಗ್ರಂಥದ ಹುಟ್ಟು ಮತ್ತು ಕಟ್ಟಡ

೧೭೬೪ರ ಕೊನೆಯಲ್ಲಿ ಹೊರೇಸ್ ವಾಲ್‌ಪೋಲನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಪ್ರಕಟವಾಯಿತು. ಮರುವರ್ಷದ ಎರಡನೆಯ ಮುದ್ರಣದಲ್ಲಿ ಅದಕ್ಕೆ ‘ಗಾಥಿಕ್ ಕಥೆ’ ಎಂಬ ಉಪಶೀರ್ಷಿಕೆ ಸೇರಿತು. ಅಲ್ಲಿಂದ ಮುಂದೆ ಹಾಳುಕೋಟೆ, ನೆಲಮಾಳಿಗೆ, ಶಾಪ, ಅಪಶಕುನ ಇವುಗಳಿಂದ ಭಯವನ್ನು ಹುಟ್ಟಿಸುವ ಕಾದಂಬರಿಗಳಿಗೆ ಇಂಗ್ಲಿಷಿನಲ್ಲಿ ‘ಗಾಥಿಕ್’ ಎಂಬ ಹೆಸರು ನಿಂತಿತು. ಮೇರಿ ಶೆಲ್ಲಿ ಈ ಭಯವನ್ನು ಕೋಟೆಯಿಂದ ತೆಗೆದು ವಿದ್ಯಾರ್ಥಿಯೊಬ್ಬನ ಬಾಡಿಗೆ ಕೋಣೆಗೆ ತಂದಳು.

ಆಕೆ ಹುಟ್ಟಿದ್ದು ೧೭೯೭ರ ಆಗಸ್ಟ್ ೩೦ರಂದು. ತಾಯಿ ಮೇರಿ ವೊಲ್‌ಸ್ಟನ್‌ಕ್ರಾಫ್ಟ್ ಹೆತ್ತ ಹನ್ನೊಂದನೆಯ ದಿನ ತೀರಿಕೊಂಡಳು. ಹೆತ್ತವರಿಲ್ಲದ ಸೃಷ್ಟಿಯ ಸಂಕಟ ಆಕೆಗೆ ಪುಸ್ತಕದಿಂದ ಬಂದದ್ದಲ್ಲ. ೧೮೧೫ರ ಏಪ್ರಿಲಿನಲ್ಲಿ ಇಂದಿನ ಇಂಡೊನೇಷ್ಯದ ತಂಬೋರ ಜ್ವಾಲಾಮುಖಿ ಸಿಡಿಯಿತು. ಅದರ ಧೂಳು ಆಕಾಶವನ್ನು ಮುಸುಕಿದ ಪರಿಣಾಮವಾಗಿ ೧೮೧೬ರಲ್ಲಿ ಯೂರೋಪಿಗೆ ಬೇಸಗೆಯೇ ಬರಲಿಲ್ಲ. ಆ ಮಳೆಗಾಲದಂಥ ಬೇಸಗೆಯಲ್ಲಿ ಜಿನೀವಾ ಸರೋವರದ ದಡದ ವಿಲ್ಲಾ ಡಿಯೊಡಾಟಿಯಲ್ಲಿ ಕವಿ ಬೈರನ್, ಪರ್ಸಿ ಶೆಲ್ಲಿ, ವೈದ್ಯ ಪೊಲಿಡೋರಿ, ಮೇರಿ ಮೊದಲಾದವರು ಕೂಡಿದ್ದರು. ಒಬ್ಬೊಬ್ಬರೂ ಒಂದೊಂದು ಭೂತದ ಕಥೆ ಬರೆಯಬೇಕೆಂದು ಬೈರನ್ ಸೂಚಿಸಿದನು. ಹದಿನೆಂಟು ವರ್ಷದ ಮೇರಿ ಆಗ ತೊಡಗಿದ ಕಥೆಯೇ ಈ ಕಾದಂಬರಿ. ೧೮೧೮ರ ಜನವರಿ ೧ರಂದು ಮೂರು ಸಂಪುಟಗಳಲ್ಲಿ, ಲೇಖಕರ ಹೆಸರಿಲ್ಲದೆ, ಕೇವಲ ೫೦೦ ಪ್ರತಿಗಳಲ್ಲಿ ಅದು ಹೊರಬಂದಿತು.

ಗ್ರಂಥದ ಕಟ್ಟಡವನ್ನು ಸ್ವಲ್ಪ ಗಮನಿಸಬೇಕು. ಹೊರಗಿನ ಸುತ್ತು ಉತ್ತರ ಧ್ರುವದತ್ತ ಹೊರಟ ವಾಲ್ಟನ್ ಎಂಬ ನಾವಿಕ ತನ್ನ ಅಕ್ಕನಿಗೆ ಬರೆದ ಪತ್ರಗಳು. ಅದರೊಳಗೆ ಹಿಮದಲ್ಲಿ ಸಿಕ್ಕಿದ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಹೇಳುವ ಆತ್ಮಕಥೆ. ಅದರೊಳಗೆ, ಗರ್ಭಗುಡಿಯಲ್ಲಿ ಎಂಬಂತೆ, ಆ ಜೀವಿ ತಾನೇ ಹೇಳುವ ಕಥೆ. ೧೮೩೧ರ ಪರಿಷ್ಕೃತ ಮುದ್ರಣದ ೨೪ ಅಧ್ಯಾಯಗಳಲ್ಲಿ ೧೧ರಿಂದ ೧೬ರವರೆಗಿನ ಆರು ಅಧ್ಯಾಯಗಳು ಅವನ ಮಾತು. ಅಂದರೆ ಕಾದಂಬರಿಯ ಕಾಲು ಭಾಗವನ್ನು, ಅದೂ ಸರಿಯಾಗಿ ನಡುಭಾಗವನ್ನು, ‘ರಾಕ್ಷಸ’ನೆಂದು ಲೋಕ ಕರೆದವನ ಕೈಗೆ ಲೇಖಕಿ ಕೊಟ್ಟಿದ್ದಾಳೆ.

ಗೋಡೆಯ ಸಂದಿನ ಪಾಠ

ಇಂಗೊಲ್‌ಸ್ಟಾಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ವಿಕ್ಟರ್ ನಿರ್ಜೀವ ದೇಹಕ್ಕೆ ಜೀವ ಬರಿಸುತ್ತಾನೆ. ಜೀವಿ ಕಣ್ಣು ತೆರೆದೊಡನೆ ಅದರ ರೂಪಕ್ಕೆ ಹೇಸಿ ಕೋಣೆಯಿಂದ ಓಡಿಹೋಗುತ್ತಾನೆ. ಇಲ್ಲಿಗೆ ಅವನ ಪಿತೃತ್ವ ಮುಗಿಯಿತು. ಎಂಟಡಿ ಎತ್ತರದ ಹಸುಗೂಸು ಕಾಡು ಸೇರುತ್ತದೆ. ಹಳ್ಳಿಯವರು ಕಲ್ಲು ಬೀರುತ್ತಾರೆ. ಕೊನೆಗೆ ಡಿ ಲೇಸಿ ಎಂಬ ಕುರುಡು ಮುದುಕನ ಮನೆಗೆ ಒತ್ತಿಕೊಂಡಿದ್ದ ಹಂದಿಗೂಡಿನಂಥ ಕೊಟ್ಟಿಗೆಯಲ್ಲಿ ಜೀವಿ ಅಡಗಿಕೊಳ್ಳುತ್ತಾನೆ. ಗೋಡೆಯಲ್ಲಿ ಒಂದು ಸಂದು. ಆ ಸಂದೇ ಅವನ ಪಾಠಶಾಲೆ.

ಈ ಅಧ್ಯಾಯಗಳನ್ನು ಭಾಷಾಬೋಧಕರು ನಿಧಾನವಾಗಿ ಓದಬೇಕು. ಮನೆಯವರು ಬಾಯಿಂದ ಹೊರಡಿಸುವ ಶಬ್ದಗಳು ಕೇಳುವವರ ಮುಖದಲ್ಲಿ ನಗೆಯನ್ನೋ ದುಃಖವನ್ನೋ ತರುತ್ತವೆ ಎಂಬುದು ಅವನಿಗೆ ಮೊದಲು ಹೊಳೆಯುತ್ತದೆ. ಬಳಿಕ ಬೆಂಕಿ, ಹಾಲು, ರೊಟ್ಟಿ, ಸೌದೆ ಎಂಬ ನಾಲ್ಕು ವಸ್ತುಗಳ ಹೆಸರು. ಆಮೇಲೆ ಮನೆಯವರ ಹೆಸರುಗಳು. ಒಬ್ಬನೇ ‘ಫೀಲಿಕ್ಸ್’ ಎಂದೂ ‘ಅಣ್ಣ’ ಎಂದೂ ‘ಮಗ’ ಎಂದೂ ಕರೆಸಿಕೊಳ್ಳುವ ಸೋಜಿಗ. ಒಳ್ಳೆಯದು, ಪ್ರಿಯ, ದುಃಖ ಮುಂತಾದ ಭಾವವಾಚಕಗಳ ಧ್ವನಿ ಗುರುತಾದರೂ ಅರ್ಥ ಕೈಗೆ ಸಿಕ್ಕುವುದಿಲ್ಲ. ಮುಂದೆ, ಫೀಲಿಕ್ಸ್ ಓದುವಾಗ ಕಾಗದದ ಮೇಲೆ ಮಾತಿನ ಗುರುತುಗಳಿರಬೇಕೆಂದು ಅವನು ಊಹಿಸುತ್ತಾನೆ. ಸಾಫೀ ಎಂಬ ಪರದೇಶದ ಹೆಣ್ಣು ಆ ಮನೆಗೆ ಬಂದ ಮೇಲೆ ಫೀಲಿಕ್ಸ್ ಆಕೆಗೆ ತನ್ನ ಭಾಷೆಯನ್ನು ಕ್ರಮವಾಗಿ ಕಲಿಸತೊಡಗುತ್ತಾನೆ. ಒಳಗೆ ಒಬ್ಬಳೇ ಶಿಷ್ಯೆ. ಹೊರಗೆ, ಗೋಡೆಯ ಆಚೆ, ಯಾರೂ ದಾಖಲು ಮಾಡಿಕೊಳ್ಳದ ಎರಡನೆಯ ಶಿಷ್ಯ. ಆ ಎರಡನೆಯವನೇ ಬೇಗ ಕಲಿಯುತ್ತಾನೆ.

ವಸ್ತುನಾಮದಿಂದ ಭಾವನಾಮಕ್ಕೆ, ಕೇಳುವಿಕೆಯಿಂದ ಓದಿಗೆ ಹೋಗುವ ಈ ಕ್ರಮ ಬೋಧನಶಾಸ್ತ್ರದ ಯಾವ ಕೈಪಿಡಿಗೂ ಒಪ್ಪುವಂಥದು. ಫೀಲಿಕ್ಸ್ ಗಟ್ಟಿಯಾಗಿ ಓದಿದ ವಾಲ್ನಿಯ ಚರಿತ್ರಗ್ರಂಥದಿಂದ ಅವನು ರಾಜ್ಯಗಳ ಏಳುಬೀಳನ್ನು ತಿಳಿಯುತ್ತಾನೆ. ಕಾಡಿನಲ್ಲಿ ಸಿಕ್ಕಿದ ಚರ್ಮದ ಪೆಟ್ಟಿಗೆಯಲ್ಲಿ ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’, ಪ್ಲುಟಾರ್ಕನ ಜೀವನಚರಿತ್ರೆಗಳ ಒಂದು ಸಂಪುಟ, ಗಯಟೆಯ ‘ವೆರ್ಟರ್’ ದೊರೆಯುತ್ತವೆ. ಆದರೆ ಓದು ಬಂದದ್ದರ ಫಲವೇನು? ತಾನು ಉಟ್ಟ ಬಟ್ಟೆಯ ಜೇಬಿನಲ್ಲಿದ್ದ ವಿಕ್ಟರನ ದಿನಚರಿಯನ್ನೂ ಅವನು ಓದಬಲ್ಲವನಾಗುತ್ತಾನೆ. ತನ್ನನ್ನು ಹುಟ್ಟಿಸಿದವನು ತನ್ನನ್ನು ಎಷ್ಟು ಹೇಸಿದ್ದನೆಂಬುದು ಅಕ್ಷರದ ಮೂಲಕವೇ ತಿಳಿಯುತ್ತದೆ. ಅಕ್ಷರಜ್ಞಾನವು ಸುಖವನ್ನೇ ತರುತ್ತದೆಂದು ಲೇಖಕಿ ಸುಳ್ಳು ಹೇಳುವುದಿಲ್ಲ.

ಭಾಷೆಯ ಮೇಲೆ ಅವನು ಇಟ್ಟ ಆಸೆ ಒಂದೇ: ಚೆನ್ನಾಗಿ ಮಾತಾಡಿದರೆ ಕೇಳಿದವರು ತನ್ನ ರೂಪವನ್ನು ಮನ್ನಿಸಿಯಾರು. ಮನೆಯಲ್ಲಿ ಬೇರಾರೂ ಇಲ್ಲದ ಹೊತ್ತು ನೋಡಿ ಒಳಗೆ ಹೋಗಿ ಕುರುಡು ಡಿ ಲೇಸಿಯೊಡನೆ ಮಾತಾಡುತ್ತಾನೆ. ಮುದುಕ ಕರುಣೆಯಿಂದ ಕೇಳುತ್ತಾನೆ. ಅಷ್ಟರಲ್ಲಿ ಮಕ್ಕಳು ಬಂದುಬಿಡುತ್ತಾರೆ. ಕಣ್ಣಿದ್ದ ಫೀಲಿಕ್ಸ್ ಅವನನ್ನು ಕಂಡ. ಕಂಡೊಡನೆ ಕೋಲಿನಿಂದ ಹೊಡೆದ. ಕೊಲೆಗಳೆಲ್ಲವೂ ಈ ಹೊಡೆತದ ಅನಂತರ. ವಿಕ್ಟರನ ತಮ್ಮ ವಿಲಿಯಂ, ಗೆಳೆಯ ಕ್ಲರ್ವಲ್, ಮದುವೆಯ ರಾತ್ರಿ ಹೆಂಡತಿ ಎಲಿಜಬೆತ್ ಹೀಗೆ ಒಬ್ಬೊಬ್ಬರಾಗಿ ಸಾಯುತ್ತಾರೆ. ಮಾಡದ ತಪ್ಪಿಗೆ ಜಸ್ಟಿನ್ ಗಲ್ಲಿಗೇರುತ್ತಾಳೆ. ಈ ಪಾಪವನ್ನು ಲೇಖಕಿ ಮರೆಸುವುದಿಲ್ಲ. ಆದರೆ ಪಾಪಿಯ ಬಾಯಿಂದಲೇ ಅದರ ಪೂರ್ವಕಥೆಯನ್ನು ಕೇಳಿಸುತ್ತಾಳೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಾದಂಬರಿಯ ವಾಚಕನ ಸ್ಥಿತಿ ಕುರುಡು ಡಿ ಲೇಸಿಯ ಸ್ಥಿತಿಯೇ. ನಾವು ಜೀವಿಯನ್ನು ಕಾಣುವುದಿಲ್ಲ. ಆರು ಅಧ್ಯಾಯಗಳಷ್ಟು ಹೊತ್ತು ಅವನ ದನಿಯನ್ನು ಕೇಳುತ್ತೇವೆ. ಆದ್ದರಿಂದ ಕರಗುತ್ತೇವೆ. ನಾಟಕದ, ಚಲಚ್ಚಿತ್ರದ ಪ್ರೇಕ್ಷಕನ ಸ್ಥಿತಿ ಫೀಲಿಕ್ಸನದು. ಅವನು ಮೊದಲು ಕಾಣುತ್ತಾನೆ, ಕಂಡು ಬೆಚ್ಚುತ್ತಾನೆ. ಕಣ್ಣಿನ ಕಲೆಗಳಿಗೆ ಈ ಕಾದಂಬರಿ ಒಡ್ಡುವ ಕಷ್ಟ ಇದು. ಮುಂದಿನ ರೂಪಾಂತರಗಳ ಚರಿತ್ರೆಯೆಲ್ಲ ಈ ಕಷ್ಟದೊಡನೆ ನಡೆದ ಹೋರಾಟದ, ಹೆಚ್ಚಿನ ಪಾಲು ಸೋಲಿನ, ಚರಿತ್ರೆ.

ಲಂಡನ್ ರಂಗಭೂಮಿ, ೧೮೨೩

೧೮೨೩ರ ಜುಲೈ ೨೮ರಂದು ಲಂಡನ್ನಿನ ಇಂಗ್ಲಿಷ್ ಆಪೆರಾ ಹೌಸಿನಲ್ಲಿ ರಿಚರ್ಡ್ ಬ್ರಿನ್ಸ್ಲಿ ಪೀಕ್ ಬರೆದ ‘ಪ್ರಿಸಂಪ್ಷನ್’ ನಾಟಕ ಮೊದಲ ಬಾರಿಗೆ ಪ್ರಯೋಗವಾಯಿತು. ‘ಫ್ರಾಂಕೆನ್‌ಸ್ಟೈನನ ಗತಿ’ ಎಂಬುದು ಅದರ ಮರುಹೆಸರು. ಜೀವಿಯ ಪಾತ್ರವನ್ನು ಟಿ. ಪಿ. ಕುಕ್ ಎಂಬ ಹೆಸರಾಂತ ನಟ ವಹಿಸಿದನು. ಪಾತ್ರಗಳ ಪಟ್ಟಿಯಲ್ಲಿ ಅವನ ಪಾತ್ರದ ಎದುರಿಗೆ ಹೆಸರಿರಲಿಲ್ಲ, ಬರಿಯ ಗೀಟು ಇತ್ತು. ಈ ನಾಟಕದಲ್ಲಿ ಜೀವಿ ಒಂದು ಮಾತೂ ಆಡುವುದಿಲ್ಲ. ಸಂಗೀತವನ್ನು ಕೇಳಿ ಪರವಶನಾಗುತ್ತಾನೆ, ಧ್ವನಿಯನ್ನು ಕೈಯಲ್ಲಿ ಹಿಡಿಯಹೋಗುತ್ತಾನೆ, ಎಲ್ಲವೂ ಮೂಕಾಭಿನಯ.

ಇದಕ್ಕೆ ಕಾರಣಗಳನ್ನು ಆ ಕಾಲದ ರಂಗವ್ಯವಸ್ಥೆಯಲ್ಲಿ ಹುಡುಕಬೇಕು. ೧೭೩೭ರ ಅನುಮತಿ ಕಾಯಿದೆಯಿಂದಾಗಿ ಶುದ್ಧ ಗದ್ಯಪದ್ಯ ನಾಟಕವನ್ನು ಆಡುವ ಹಕ್ಕು ಲಂಡನ್ನಿನಲ್ಲಿ ಮುಖ್ಯವಾಗಿ ಡ್ರೂರಿ ಲೇನ್, ಕಾವೆಂಟ್ ಗಾರ್ಡನ್ ಎಂಬ ಎರಡು ರಂಗಮಂದಿರಗಳದಾಗಿತ್ತು. ಉಳಿದವರು ಹಾಡು, ವಾದ್ಯ, ಮೂಕಾಭಿನಯಗಳನ್ನು ಬೆರಸಿ ಬದುಕಬೇಕಾಯಿತು. ಈ ಏಕಸ್ವಾಮ್ಯ ೧೮೪೩ರವರೆಗೆ ನಡೆಯಿತು. ಹೀಗೆ ಬೆಳೆದ ‘ಮೆಲೊಡ್ರಾಮಾ’ದಲ್ಲಿ ಮೂಕಪಾತ್ರ ಜನಪ್ರಿಯವಾದ ಸಾಮಗ್ರಿ. ಆದರೆ ಕಾಯಿದೆಯೊಂದೇ ಕಾರಣವಲ್ಲ; ಅದೇ ನಾಟಕದಲ್ಲಿ ಉಳಿದ ಪಾತ್ರಗಳು ಧಾರಾಳವಾಗಿ ಮಾತಾಡುತ್ತವೆ. ಮೂಕಾಭಿನಯದಲ್ಲಿ ನಿಪುಣನಾದ ನಟ ಇದ್ದನು, ಮೂಕತನವನ್ನು ಮೆಚ್ಚುವ ಪ್ರೇಕ್ಷಕರಿದ್ದರು. ಆರು ಅಧ್ಯಾಯಗಳ ವಾದವನ್ನು ರಂಗದ ಮೇಲೆ ನಿಭಾಯಿಸುವುದಕ್ಕಿಂತ ಅದನ್ನು ಬಿಟ್ಟುಬಿಡುವುದು ಸುಲಭವಾಗಿತ್ತು.

ಪೀಕ್ ಇನ್ನೂ ಎರಡು ಬದಲಾವಣೆಗಳನ್ನು ಮಾಡಿದನು. ಕಾದಂಬರಿಯಲ್ಲಿ ಇಲ್ಲದ ಫ್ರಿಟ್ಸ್ ಎಂಬ ಹಾಸ್ಯದ ಆಳನ್ನು ಪ್ರಯೋಗಶಾಲೆಗೆ ತಂದನು. ಎರಡನೆಯದು ಹೆಸರಿನಲ್ಲೇ ಇದೆ. ‘ಪ್ರಿಸಂಪ್ಷನ್’ ಎಂದರೆ ಉದ್ಧಟತನ, ದೇವರ ಕೆಲಸಕ್ಕೆ ಮನುಷ್ಯ ಕೈ ಹಾಕುವ ದರ್ಪ. ಕಾದಂಬರಿಯಲ್ಲಿ ವಿಕ್ಟರನ ದೊಡ್ಡ ಅಪರಾಧ ಸೃಷ್ಟಿಸಿದ್ದಲ್ಲ, ಸೃಷ್ಟಿಸಿ ಕೈಬಿಟ್ಟದ್ದು. ಆ ಆರೋಪವನ್ನು ಹೊರಿಸುವವನು ಜೀವಿಯೇ. ಅವನ ಬಾಯಿ ಮುಚ್ಚಿದ ಮೇಲೆ ಆರೋಪವೂ ಅಡಗಿತು, ‘ದೇವರನ್ನು ಮೀರಬೇಡ’ ಎಂಬ ಸುಲಭವಾದ ನೀತಿ ಉಳಿಯಿತು. ಕೊನೆಗೆ ಹಿಮಪಾತವಾಗಿ ಇಬ್ಬರೂ ಒಟ್ಟಿಗೆ ಹೂತುಹೋಗುತ್ತಾರೆ.

ಮೇರಿ ಶೆಲ್ಲಿ ಆ ವರ್ಷದ ಆಗಸ್ಟ್ ೨೯ರಂದು ಈ ಪ್ರಯೋಗವನ್ನು ನೋಡಿದಳು. ಕಥೆಯನ್ನು ಚೆನ್ನಾಗಿ ನಿರ್ವಹಿಸಿಲ್ಲವೆಂದು ಆಕೆಗೆ ಅನ್ನಿಸಿತಾದರೂ ಕುಕ್ಕನ ಅಭಿನಯವನ್ನೂ, ಹೆಸರಿನ ಬದಲು ಗೀಟು ಹಾಕಿದ ಜಾಣತನವನ್ನೂ ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ ಮೆಚ್ಚಿಕೊಂಡಿದ್ದಾಳೆ. ನಾಟಕದ ಯಶಸ್ಸಿನ ಗಾಳಿಯಲ್ಲೇ ಆಕೆಯ ತಂದೆ ವಿಲಿಯಂ ಗಾಡ್ವಿನ್ ಕಾದಂಬರಿಯ ಎರಡನೆಯ ಮುದ್ರಣವನ್ನು ಏರ್ಪಡಿಸಿದನು. ಲೇಖಕಿಯ ಹೆಸರು ಆ ಮುದ್ರಣದಲ್ಲಿ ಕಾಣಿಸಿಕೊಂಡಿತು. ಜೀವಿಯ ನಾಲಗೆಯನ್ನು ಕಿತ್ತುಕೊಂಡ ನಾಟಕವೇ ಅವನ ತಾಯಿಗೆ ಹೆಸರನ್ನು ತಂದಿತು ಎಂಬುದು ಸಾಹಿತ್ಯ ಚರಿತ್ರೆಯ ವಿನೋದಗಳಲ್ಲೊಂದು.

ನಮ್ಮ ರಂಗದ ಕಡೆಗೊಮ್ಮೆ

ರಂಗಭೂಮಿ ಎಂದಮೇಲೆ ಹೀಗಾಗುವುದು ಅನಿವಾರ್ಯವೆಂದು ಯಾರಾದರೂ ವಾದಿಸಬಹುದು. ಅದಕ್ಕೆ ಉತ್ತರ ಕಾಸರಗೋಡಿನ ನೆಲದಲ್ಲೇ ಇದೆ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದುಬಂದ ರಾಮಾಯಣ ಪ್ರಸಂಗಗಳನ್ನು ಆಡುವ ಯಕ್ಷಗಾನದಲ್ಲಿ ರಾಕ್ಷಸನ ಬಣ್ಣದ ವೇಷ ಮೊದಲು ಆರ್ಭಟಿಸುತ್ತದೆ. ಕಣ್ಣಿಗೆ ಭಯವನ್ನು ತುಂಬುವುದರಲ್ಲಿ ಅದು ಯಾವ ರಂಗಕ್ಕೂ ಕಡಿಮೆಯಿಲ್ಲ. ಆದರೆ ಆರ್ಭಟ ಮುಗಿದ ಮೇಲೆ ಆ ವೇಷ ಅರ್ಥ ಹೇಳುತ್ತದೆ. ತಾಳಮದ್ದಳೆಯಲ್ಲಂತೂ ವೇಷವೇ ಇಲ್ಲ, ಮಾತೇ ಎಲ್ಲ. ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವಾಗ ರಾಮನ ಪಾತ್ರಧಾರಿ ಬೆವರಬೇಕಾಗುತ್ತದೆ. ಪ್ರತಿನಾಯಕನ ಪಕ್ಷವನ್ನು ಪೂರ್ತಿಯಾಗಿ ಕೇಳಿದ ಹೊರತು ಕಥೆ ಮುಗಿಯದೆಂಬ ಈ ಧರ್ಮ ರನ್ನನ ದುರ್ಯೋಧನನಿಂದ, ನಾಗಚಂದ್ರನ ರಾವಣನಿಂದ ನಮಗೆ ಪರಿಚಿತ. ಮೇರಿ ಶೆಲ್ಲಿಯ ಕಾದಂಬರಿ ಈ ದೃಷ್ಟಿಯಿಂದ ಲಂಡನ್ನಿನ ಮೆಲೊಡ್ರಾಮಾಕ್ಕಿಂತ ನಮ್ಮ ಕೂಟಕ್ಕೆ ಹತ್ತಿರ.

ಇದೇ ಕಾರಣದಿಂದ, ಈ ಕಥೆಯನ್ನು ‘ಪಶ್ಚಿಮದ ಭಸ್ಮಾಸುರ’ ಎಂದು ವಿವರಿಸುವ ವಾಡಿಕೆ ನಮಗೆ ಸರಿ ಕಾಣುವುದಿಲ್ಲ. ಭಸ್ಮಾಸುರ ವರವನ್ನು ಬೇಡಿ ಪಡೆದವನು, ಪಡೆದು ಕೊಟ್ಟವನ ತಲೆಗೇ ಕೈಯೆತ್ತಿದವನು. ಅಲ್ಲಿ ದೋಷ ಪಡೆದವನದು. ಇಲ್ಲಿ ಜೀವಿ ಹುಟ್ಟನ್ನು ಬೇಡಲಿಲ್ಲ, ಅವನಿಗೆ ಯಾವ ವರವೂ ಸಿಗಲಿಲ್ಲ. ಇಲ್ಲಿ ದೋಷದ ಮೊದಲ ಪಾಲು ಕೊಟ್ಟವನದು.

ಬೆಳ್ಳಿತೆರೆ: ಗಾಜಿನ ಭರಣಿಯ ಮಿದುಳು

೧೯೧೦ರಲ್ಲಿ ಎಡಿಸನ್ ಕಂಪನಿಯ ಪರವಾಗಿ ಜೆ. ಸರ್ಲ್ ಡಾಲಿ ಈ ಕಥೆಯ ಮೊದಲ ಚಲಚ್ಚಿತ್ರವನ್ನು ತೆಗೆದನು. ಅದು ಹೆಚ್ಚುಕಡಮೆ ಕಾಲು ಗಂಟೆಯ ಚಿತ್ರ. ಬೊಂಬೆಯೊಂದನ್ನು ಸುಟ್ಟು, ಆ ದೃಶ್ಯವನ್ನು ಹಿಂದುಮುಂದಾಗಿ ಓಡಿಸಿ, ಕಡಾಯಿಯೊಳಗೆ ಜೀವಿ ಮೈಗೂಡುವುದನ್ನು ತೋರಿಸಿದರು. ಅದು ಮೂಕಚಿತ್ರದ ಕಾಲ. ಮಾತಿಲ್ಲದ್ದಕ್ಕೆ ಯಾರನ್ನೂ ದೂರುವಂತಿಲ್ಲ.

೧೯೩೧ರ ಮಾತು ಬೇರೆ. ಚಲಚ್ಚಿತ್ರಕ್ಕೆ ಆಗಲೇ ನಾಲಗೆ ಬಂದಿತ್ತು. ನಮ್ಮ ದೇಶದ ಮೊದಲ ವಾಕ್ಚಿತ್ರ ‘ಆಲಂ ಆರಾ’ ತೆರೆಕಂಡದ್ದೂ ಅದೇ ವರ್ಷ. ಯೂನಿವರ್ಸಲ್ ಕಂಪನಿಗಾಗಿ ಜೇಮ್ಸ್ ವೇಲ್ ನಿರ್ದೇಶಿಸಿದ ‘ಫ್ರಾಂಕೆನ್‌ಸ್ಟೈನ್’ ವಾಕ್ಚಿತ್ರವೇ. ಎಲ್ಲರೂ ಮಾತಾಡುತ್ತಾರೆ, ಜೀವಿ ಮಾತ್ರ ಮಾತಾಡುವುದಿಲ್ಲ. ಆರಂಭದ ಪಾತ್ರಪಟ್ಟಿಯಲ್ಲಿ ನಟನ ಹೆಸರಿನ ಜಾಗದಲ್ಲಿ ಪ್ರಶ್ನೆಯ ಚಿಹ್ನೆ. ೧೮೨೩ರ ಗೀಟಿನ ಮೊಮ್ಮಗ. ಈ ಚಿತ್ರ ನೇರವಾಗಿ ಗ್ರಂಥದಿಂದ ಹುಟ್ಟಿದ್ದಲ್ಲ. ಪೆಗ್ಗಿ ವೆಬ್ಲಿಂಗಳ ೧೯೨೭ರ ನಾಟಕದ ದಾರಿಯಿಂದ ಬಂದದ್ದು. ಚಪ್ಪಟೆ ನೆತ್ತಿಯ ರೂಪವನ್ನು ಕಲ್ಪಿಸಿದವನು ಪ್ರಸಾಧನಕಾರ ಜ್ಯಾಕ್ ಪಿಯರ್ಸ್. ಗ್ರಂಥದ ಜೀವಿಗಿದ್ದದ್ದು ಹಳದಿ ಚರ್ಮ, ಹೊಳೆಯುವ ಕಪ್ಪು ಕೂದಲು, ಮುತ್ತಿನಂಥ ಹಲ್ಲು, ಕಪ್ಪು ತುಟಿ.

ಬೋರಿಸ್ ಕಾರ್ಲಾಫನ ಅಭಿನಯಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಲೇಬೇಕು. ಮಾಡಿನ ಕಿಂಡಿಯಿಂದ ಬಿದ್ದ ಬೆಳಕನ್ನು ಹಿಡಿಯಲು ಜೀವಿ ಎರಡು ಕೈಗಳನ್ನೂ ಮೇಲೆತ್ತುವ ದೃಶ್ಯ ಮಾತಿಲ್ಲದೆಯೂ ಮನಸ್ಸನ್ನು ಕಲಕುತ್ತದೆ. ಆದರೆ ಒಂದು ಕಾಲದಲ್ಲಿ ಕೆಲವು ಕಡೆ ಕತ್ತರಿಗೆ ಸಿಕ್ಕಿದ ಒಂದು ದೃಶ್ಯದ ಗತಿ ನೋಡಿ. ಕೆರೆಯ ದಡದಲ್ಲಿ ಪುಟ್ಟ ಹುಡುಗಿಯೊಬ್ಬಳು ಜೀವಿಯೊಡನೆ ಹೂವುಗಳನ್ನು ನೀರಿನಲ್ಲಿ ತೇಲಿಬಿಡುವ ಆಟವಾಡುತ್ತಾಳೆ. ಹೂವು ಮುಗಿದಾಗ, ಹುಡುಗಿಯೂ ತೇಲುವಳೆಂದು ನಂಬಿ ಅವಳನ್ನೇ ನೀರಿಗೆ ಎಸೆಯುತ್ತಾನೆ. ಮುಳುಗಿದ್ದನ್ನು ಕಂಡು ಕಂಗಾಲಾಗುತ್ತಾನೆ. ಎಸೆಯುವ ಭಾಗವನ್ನು ಕತ್ತರಿಸಿದಾಗ ಉಳಿದದ್ದು, ಅವನು ಕೈಚಾಚುವುದು, ಮುಂದೆ ತಂದೆ ಮಗಳ ಹೆಣವನ್ನು ಹೊತ್ತು ಬರುವುದು. ನಡುವೆ ಏನು ನಡೆಯಿತೆಂದು ಪ್ರೇಕ್ಷಕ ಅತ್ಯಂತ ಕೆಟ್ಟದ್ದನ್ನೇ ಊಹಿಸಿದ. ಕತ್ತರಿಸಿದ ತುಣುಕು ೧೯೮೦ರ ದಶಕದಲ್ಲಿ ಮತ್ತೆ ಸೇರಿತು. ಹೇಳಿಕೊಳ್ಳಲು ನಾಲಗೆಯಿಲ್ಲದವನ ಪರವಾಗಿ ಇದ್ದ ಒಂದೇ ಸಾಕ್ಷಿ ಅದಾಗಿತ್ತು.

ಈಗ ಲೇಖನದ ಮುಖ್ಯ ವಿಚಾರಕ್ಕೆ ಬರೋಣ. ಜೀವಿ ಕ್ರೂರನಾದದ್ದು ಏಕೆಂಬುದಕ್ಕೆ ಕಾದಂಬರಿಯಲ್ಲಿ ಅವನ ಮಾತೇ ಉತ್ತರ. ಮಾತನ್ನು ತೆಗೆದುಹಾಕಿದ ಮೇಲೆ ಬೇರೆ ಉತ್ತರ ಬೇಕಾಯಿತು. ೧೯೩೧ರ ಚಿತ್ರ ಅದನ್ನು ಗಾಜಿನ ಭರಣಿಯಲ್ಲಿಟ್ಟು ಕೊಟ್ಟಿತು. ಆಳು ಫ್ರಿಟ್ಸ್ ವೈದ್ಯಕಾಲೇಜಿನಿಂದ ಮಿದುಳು ಕದಿಯಹೋಗಿ ಒಳ್ಳೆಯ ಮಿದುಳಿನ ಭರಣಿಯನ್ನು ಕೆಡವುತ್ತಾನೆ, ಅಪರಾಧಿಯ ಮಿದುಳಿದ್ದ ಭರಣಿಯನ್ನು ಎತ್ತಿಕೊಂಡು ಬರುತ್ತಾನೆ. ಅಲ್ಲಿಗೆ ಪ್ರಶ್ನೆ ತೀರಿತು! ಜೀವಿ ಕೆಟ್ಟದ್ದು ಮಿದುಳಿನ ದೋಷದಿಂದ. ಫ್ರಿಟ್ಸ್ ಅವನನ್ನು ಪಂಜಿನಿಂದ ಹಿಂಸಿಸುವುದನ್ನು ಚಿತ್ರ ತೋರಿಸುವುದೇನೋ ನಿಜ. ಆದರೆ ಭರಣಿಯನ್ನು ಕಂಡ ಕಣ್ಣಿಗೆ ಪಂಜು ಮುಖ್ಯವಾಗುವುದಿಲ್ಲ. ಗ್ರಂಥದಲ್ಲಿ ಈ ಕಳವಿಲ್ಲ, ಭರಣಿಯಿಲ್ಲ, ಅಪರಾಧಿಯ ಮಿದುಳೂ ಇಲ್ಲ. ಜೀವಿ ಒಳ್ಳೆಯವನಾಗಿ ಹುಟ್ಟಿದೆನೆಂದು ಸಾಧಿಸುತ್ತಾನೆ. ದುಃಖ ತನ್ನನ್ನು ಕೆಡಿಸಿತೆನ್ನುತ್ತಾನೆ. ಅವನ ವಾದವನ್ನು ನಾವು ಒಪ್ಪಬಹುದು, ಬಿಡಬಹುದು. ಕೇಳದೆ ತೀರ್ಪು ಕೊಡುವುದಕ್ಕೆ ಮಾತ್ರ ಕಾದಂಬರಿ ಬಿಡುವುದಿಲ್ಲ.

ಮಾತು ಮರಳಿದ ಬಗೆ

ಅದೇ ವೇಲ್ ೧೯೩೫ರಲ್ಲಿ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲಿ ಭಾಗಶಃ ಪ್ರಾಯಶ್ಚಿತ್ತ ಮಾಡಿಕೊಂಡನು. ಕಾಡಿನ ಗುಡಿಸಲಿನಲ್ಲಿ ಪಿಟೀಲು ನುಡಿಸುವ ಕುರುಡು ಸಂನ್ಯಾಸಿಯೊಬ್ಬನು ಜೀವಿಗೆ ರೊಟ್ಟಿ, ಗೆಳೆಯ, ಒಳ್ಳೆಯದು, ಕೆಟ್ಟದ್ದು ಎಂಬ ಕೆಲವು ಮಾತುಗಳನ್ನು ಕಲಿಸುತ್ತಾನೆ. ಡಿ ಲೇಸಿಯ ಮನೆಯ ನೆರಳು ಹೀಗೆ ತೆರೆಗೆ ಬಂದಿತು. ಇಲ್ಲೂ ಕಣ್ಣಿದ್ದವರು ಒಳಗೆ ಬಂದೊಡನೆ ಪಾಠ ಕೆಡುತ್ತದೆ. ಜೀವಿಯನ್ನು ಮಾತಾಡಿಸಿದ್ದು ಕಾರ್ಲಾಫನಿಗೆ ರುಚಿಸಲಿಲ್ಲ. ೧೯೩೯ರ ಚಿತ್ರದಲ್ಲಿ ಜೀವಿ ಮತ್ತೆ ಮೂಕನಾದನು. ೧೯೪೩ರ ಚಿತ್ರವೊಂದರಲ್ಲಿ ಬೇಲಾ ಲುಗೋಸಿ ಆಡಿದ ಮಾತುಗಳನ್ನು ಬಿಡುಗಡೆಗೆ ಮೊದಲೇ ತೆಗೆದುಹಾಕಿದರು. ಆ ಕಥೆಯಂತೆ ಜೀವಿ ಕುರುಡ. ಅದನ್ನು ತಿಳಿಸುವ ಮಾತು ಹೋದದ್ದರಿಂದ ಅವನು ಕೈಚಾಚಿ ತಡವರಿಸುವುದು ಮಾತ್ರ ಉಳಿಯಿತು. ಇಂದಿಗೂ ಮಕ್ಕಳು ಈ ಜೀವಿಯನ್ನು ಅಣಕಿಸುವಾಗ ತೋಳು ಮುಂದೆ ಚಾಚುತ್ತಾರೆ. ಮಾತು ಕಳೆದರೆ ಕಷ್ಟವೂ ನಗೆಪಾಟಲಾಗುತ್ತದೆ.

೧೯೫೭ರಲ್ಲಿ ಇಂಗ್ಲೆಂಡಿನ ಹ್ಯಾಮರ್ ಕಂಪನಿಯ ವರ್ಣಚಿತ್ರದಲ್ಲಿ ಟೆರೆನ್ಸ್ ಫಿಷರ್ ಮತ್ತೊಂದು ದಾರಿ ಹಿಡಿದನು. ಕ್ರಿಸ್ಟಫರ್ ಲೀ ವಹಿಸಿದ ಜೀವಿ ಮೂಕನೇ. ಆದರೆ ಪೀಟರ್ ಕುಷಿಂಗ್ ವಹಿಸಿದ ವಿಜ್ಞಾನಿಯೇ ಕೊಲೆಗಾರನಾದ್ದರಿಂದ ರಾಕ್ಷಸನಾರೆಂಬ ಪ್ರಶ್ನೆ ಎದ್ದಿತು. ೧೯೯೪ರಲ್ಲಿ ಕೆನೆತ್ ಬ್ರಾನಾ ಲೇಖಕಿಯ ಹೆಸರನ್ನೇ ಶೀರ್ಷಿಕೆಗೆ ಸೇರಿಸಿ, ವಾಲ್ಟನ್ನನ ಹಡಗಿನ ಹೊರಸುತ್ತನ್ನೂ ರಾಬರ್ಟ್ ಡಿ ನೀರೊ ವಹಿಸಿದ ಜೀವಿಯ ಮಾತನ್ನೂ ಉಳಿಸಿಕೊಂಡನು. ೨೦೨೫ರಲ್ಲಿ ಬಂದ ಗಿಯೆರ್ಮೊ ದೆಲ್ ತೋರೊನ ಚಿತ್ರ ಕಥೆಯನ್ನು ಇಬ್ಭಾಗ ಮಾಡಿ, ಎರಡನೆಯದನ್ನು ಜೀವಿಯ ಬಾಯಿಗೇ ಒಪ್ಪಿಸಿತು.

ನಮ್ಮ ಪ್ರಶ್ನೆಗೆ ಅತ್ಯಂತ ಸಮರ್ಪಕವಾದ ಉತ್ತರ ಬಂದದ್ದು ರಂಗಭೂಮಿಯಿಂದಲೇ. ೨೦೧೧ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ನಿಕ್ ಡಿಯರ್ ಬರೆದ ನಾಟಕವನ್ನು ಡ್ಯಾನಿ ಬಾಯ್ಲ್ ನಿರ್ದೇಶಿಸಿದನು. ಪರದೆ ಸರಿದಾಗ ವಿಜ್ಞಾನಿಯ ಪ್ರವರವಿಲ್ಲ. ಜೀವಿ ಹುಟ್ಟುತ್ತಾನೆ, ತೆವಳುತ್ತಾನೆ, ಬೀಳುತ್ತಾನೆ, ನಿಲ್ಲಲು ಕಲಿಯುತ್ತಾನೆ. ಮಾತಿಲ್ಲದ ಈ ನಿಮಿಷಗಳಲ್ಲಿ ಪ್ರೇಕ್ಷಕನ ಕಣ್ಣು ಅವನಿಗೆ ಒಗ್ಗಿಕೊಳ್ಳುತ್ತದೆ. ಆಮೇಲೆ ಮಾತು ಬಂದಾಗ ಕೇಳಲು ಕಿವಿ ತೆರೆದಿರುತ್ತದೆ. ಬೆನೆಡಿಕ್ಟ್ ಕಂಬರ್‌ಬ್ಯಾಚ್, ಜಾನಿ ಲೀ ಮಿಲ್ಲರ್ ಎಂಬ ಇಬ್ಬರು ನಟರು ಸೃಷ್ಟಿಕರ್ತನ ಪಾತ್ರವನ್ನೂ ಸೃಷ್ಟಿಯ ಪಾತ್ರವನ್ನೂ ಸರದಿಯಂತೆ ವಹಿಸಿದರು. ಒಂದು ರಾತ್ರಿಯ ದೂರುಗಾರ ಮರುರಾತ್ರಿಯ ಆರೋಪಿ. ಇಲ್ಲಿ ಒಂದು ವ್ಯತ್ಯಾಸವನ್ನೂ ಹೇಳಬೇಕು: ಈ ನಾಟಕದಲ್ಲಿ ಕುರುಡು ಡಿ ಲೇಸಿ ತಾನೇ ಕೂತು ಅವನಿಗೆ ಪಾಠ ಹೇಳುತ್ತಾನೆ. ಗ್ರಂಥದಲ್ಲಿ ಅವನಿಗೆ ಯಾರೂ ಕಲಿಸಲಿಲ್ಲ; ಅವನು ಕದ್ದು ಕೇಳಿ ಕಲಿತ. ರಂಗಕ್ಕೆ ನಾಟಕದ ರೀತಿ ಹೆಚ್ಚು ಒಪ್ಪಬಹುದು; ಆದರೆ ಗ್ರಂಥದ ಗೋಡೆಯ ಸಂದು ಹೆಚ್ಚು ಸತ್ಯವೆಂದು ನಮಗೆ ತೋರುತ್ತದೆ.

ಉಪಾಧ್ಯಾಯರಿಗೆ

ಏಕೆಂದರೆ ಆ ಸಂದು ನಮಗೆ ಗೊತ್ತಿದೆ. ಗಡಿನಾಡಿನ ಶಾಲೆಗಳಲ್ಲಿ ಮನೆಯಲ್ಲೊಂದು, ಬೀದಿಯಲ್ಲೊಂದು, ಪುಸ್ತಕದಲ್ಲೊಂದು ನುಡಿಯಿರುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ತುಳು, ಮಲಯಾಳ, ಮರಾಠಿ, ತೆಲುಗು, ತಮಿಳು ಮನೆಯ ಮಗು ಕನ್ನಡದ ಪಾಠವನ್ನು ಗೋಡೆಯಾಚೆಯಿಂದ ಕೇಳುತ್ತದೆ. ಕನ್ನಡ ಮನೆಯ ಮಗು ಕಚೇರಿಯ ಭಾಷೆಯನ್ನು ಹಾಗೆಯೇ ಕೇಳುತ್ತದೆ. ಅವರಲ್ಲಿ ಬಹಳ ಮಂದಿ ಬೇಗ ಕಲಿಯುತ್ತಾರೆ. ಕೆಲವರು ಬಹುಕಾಲ ಬಾಯಿ ಬಿಡುವುದಿಲ್ಲ. ಬಾಯಿ ಬಿಡದ ಮಗುವನ್ನು ಕುರಿತು ‘ತಲೆಯಲ್ಲಿ ಏನೂ ಇಲ್ಲ’ ಎಂಬ ಮಾತು ಉಪಾಧ್ಯಾಯರ ಕೊಠಡಿಗಳಲ್ಲಿ ಕೇಳಿಬರುತ್ತದೆ. ಅದು ೧೯೩೧ರ ಗಾಜಿನ ಭರಣಿಯೇ. ಮಾತು ಕೇಳಿಸದಿದ್ದಾಗ ಮಿದುಳನ್ನು ದೂರುವುದು ಸುಲಭ. ಮಗು ಯಾವ ಭಾಷೆಯಲ್ಲಿ ಮೌನವಾಗಿದೆ, ಯಾವುದರಲ್ಲಿ ಮಾತಾಡುತ್ತದೆ ಎಂದು ವಿಚಾರಿಸುವುದು ಕಷ್ಟ.

ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿ ಈ ಕಥೆಯನ್ನು ಹೇಳುವ ಪ್ರಸಂಗ ಬಂದರೆ ಒಂದು ಕ್ರಮವನ್ನು ಸೂಚಿಸುತ್ತೇವೆ. ಚಿತ್ರವನ್ನು ಮೊದಲು ತೋರಿಸಬಾರದು. ಕೊಟ್ಟಿಗೆಯ ಅಧ್ಯಾಯಗಳ ಸಾರಾಂಶವನ್ನು, ಜೀವಿಯ ರೂಪದ ಸುದ್ದಿಯೆತ್ತದೆ, ಅವನೇ ಹೇಳಿದಂತೆ ಉತ್ತಮ ಪುರುಷದಲ್ಲಿ ಓದಿ ಹೇಳಬೇಕು. ಹೇಳುವವನು ಯಾರೆಂದು ವಿದ್ಯಾರ್ಥಿಗಳು ಊಹಿಸಲಿ. ಬಳಿಕ ೧೯೩೧ರ ಆಕೃತಿಯನ್ನು ತೋರಿಸಿ, ಇವನೇ ಅವನೆಂದು ತಿಳಿಸಬೇಕು. ಆಗ ತರಗತಿಯಲ್ಲಿ ಹುಟ್ಟುವ ಚರ್ಚೆಯಿಂದ ಕಾದಂಬರಿಗೂ ನಾಟಕಕ್ಕೂ ಚಲಚ್ಚಿತ್ರಕ್ಕೂ ಇರುವ ಭೇದ ಯಾವ ಲಕ್ಷಣಗ್ರಂಥದಿಂದಲೂ ತಿಳಿಯದಷ್ಟು ಚೆನ್ನಾಗಿ ತಿಳಿಯುತ್ತದೆ. ಆ ದಿನದ ಪ್ರಬಂಧವನ್ನು ಮಕ್ಕಳು ತಮ್ಮ ಮನೆಯ ಮಾತಿನಲ್ಲಿ ಬರೆಯಲು ಬಯಸಿದರೆ ಬರೆಯಲಿ. ತಿದ್ದುವ ಕೆಲಸ ಮರುದಿನಕ್ಕೆ ಇದ್ದೇ ಇದೆ.